ವೆಂಕಟರಮಣನ ಹಳದಿ ಗೋಡೆ

ಸ್ವೀಡನ್ನಿನ ಓರೆಬ್ರೂ ಊರಿನ ಒಂದು ಸಂಶೋಧನಾ ಕೇಂದ್ರದಲ್ಲಿ ತಿಪಟೂರಿನ ವೆಂಕಟರಮಣ ಮಾಡುತ್ತಿದ್ದ ಕೆಲಸ ಏನೆಂದು ಅವನ ಹೆಂಡತಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೊರಗಿನವರಿಗೆ ಅದು ಎರಡು ದೇಶಗಳ ಜಂಟಿ ಅಧ್ಯಯನ. ಸ್ವೀಡನ್ನಿನ ಶಿಶುವಿಹಾರ, ಅಂದರೆ ದಾಗಿಸ್, ಅದರಿಂದ ಕರ್ನಾಟಕದ ಅಂಗನವಾಡಿ ಏನು ಕಲಿಯಬಹುದು ಎಂದು ಸರ್ಕಾರಕ್ಕೆ ಸಲಹೆ ಕೊಡುವುದು. ಈ ಕಡೆ ಪ್ರೊಫೆಸರ್ ಬೀರ್ಗಿತ್ತಾ, ಆ ಕಡೆ ಬೆಂಗಳೂರಿನ ಪ್ರೊಫೆಸರ್ ಸುದರ್ಶನ್, ನಡುವೆ ಇಬ್ಬರ ಮೇಲ್‌ಗಳನ್ನು ಹೊತ್ತು ಸವೆದ ವೆಂಕಟರಮಣ.

ಬೀರ್ಗಿತ್ತಾ ಒಳ್ಳೆಯ ಹೆಂಗಸು. ಯಾರಿಗೂ ಬೇಸರವಾಗದಂತೆ ನಿರ್ಧಾರ ಮಾಡಬೇಕೆಂಬುದು ಆಕೆಯ ವ್ರತ, ಹಾಗಾಗಿ ನಿರ್ಧಾರವನ್ನೇ ಮಾಡುತ್ತಿರಲಿಲ್ಲ. ಫೀಕಾ, ಅಂದರೆ ಅಲ್ಲಿನ ಕಾಫಿ ಬಿಡುವು, ಎಂದು ಎಲ್ಲರನ್ನೂ ಕಾಫಿ, ದಾಲ್ಚಿನ್ನಿ ಬನ್ನಿನ ಮುಂದೆ ಕೂರಿಸಿ ಒಬ್ಬೊಬ್ಬರ ಅನಿಸಿಕೆ ಕೇಳುತ್ತಿದ್ದರು. ಸುದರ್ಶನ್ ಅವರಿಗೆ ಅಷ್ಟು ಪುರಸೊತ್ತಿಲ್ಲ. ಏನು ಕಳಿಸಿದರೂ ಮರುನಿಮಿಷಕ್ಕೆ ‘ಎಕ್ಸಲೆಂಟ್’ ಎಂದು ಉತ್ತರ ಬರುತ್ತಿತ್ತು. ಓದುವ ಚಾಳಿ ಅವರಿಗಿರಲಿಲ್ಲ.

ಇಂಥ ಮಹನೀಯರ ನಡುವೆಯೂ ವೆಂಕಟರಮಣನಿಗೆ ಒಂದು ನಿಜ ಸಿಕ್ಕಿತ್ತು. ಒಂದು ಮಧ್ಯಾಹ್ನ ಜ್ವರ ಬಂದ ಮಗಳು ಅನ್ವಿತಾಳನ್ನು ಕರೆತರಲು ದಾಗಿಸ್‌ಗೆ ಹೋದಾಗ, ಅಲ್ಲಿನ ಟೀಚರ್ ಪುಟಾಣಿ ಕುರ್ಚಿಯಲ್ಲಿ ಕೂತು ಮಕ್ಕಳ ಜತೆಗೇ ಊಟ ಮಾಡುತ್ತಿದ್ದರು. ಅವರನ್ನು ನೋಡುತ್ತ ಮಕ್ಕಳೂ ತಿನ್ನುತ್ತಿದ್ದರು. ಅವನಿಗೆ ನೆನಪಾದದ್ದು ತಿಪಟೂರಿನ ಬಳಿ ಅಂಗನವಾಡಿ ನಡೆಸುವ ತನ್ನ ಅಕ್ಕ ಜಾನಕಿ. ಮಕ್ಕಳು ಉಣ್ಣುವಷ್ಟು ಹೊತ್ತೂ ಅವಳು ಸೌಟು ಹಿಡಿದು ಗೋಡೆಗೆ ಒರಗಿ ನಿಂತಿರುತ್ತಾಳೆ. ಅಲ್ಲಿ ಅವಳ ಪಾಲಿನ ಊಟ ಇಲ್ಲ. ವೆಂಕಟರಮಣ ಅಧ್ಯಯನದ ಕೆಲವು ಅಂಗನವಾಡಿಗಳಲ್ಲಿ ಟೀಚರಿಗೂ ತಟ್ಟೆ ಇಡಿಸಿ ನೋಡಿದ. ಸೊಪ್ಪು ಎತ್ತಿಡುತ್ತಿದ್ದ ಮಕ್ಕಳು ಸೊಪ್ಪು ತಿಂದರು. ‘ಅಂಗನವಾಡಿ ಟೀಚರಿಗೂ ಒಂದು ತಟ್ಟೆ ಊಟ ಕೊಡಿ’ ಎಂದು ವರದಿಯ ಕೊನೆಗೆ ಬರೆದಾಗ, ಬದುಕಿನಲ್ಲಿ ಮೊದಲ ಸಲ ತನ್ನ ಓದು ಸಾರ್ಥಕವಾಯಿತು ಎಂದು ಅವನಿಗೆ ಅನಿಸಿತು.

ಈ ಸಾಲನ್ನು ಉಳಿಸಿಕೊಳ್ಳುವುದು ಹೇಗೆ? ಸಮಿತಿಗಳ ಬುದ್ಧಿ ಅವನಿಗೆ ಗೊತ್ತಿತ್ತು. ಏನನ್ನಾದರೂ ಹೊಡೆದುಹಾಕದಿದ್ದರೆ ಕೆಲಸ ಮಾಡಿದೆವೆಂಬ ಸಮಾಧಾನ ಅವಕ್ಕಿಲ್ಲ. ಹೊಡೆದುಹಾಕಲಿ ಎಂದೇ ಅದರ ಕೆಳಗೆ ಒಂದು ಪೆದ್ದು ಸಾಲು ಸೇರಿಸಿದ: ‘ಗೋಡೆಗಳಿಗೆ ತಿಳಿಹಳದಿ ಬಣ್ಣ ಬಳಿಯಬಹುದು.’ ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡು ಮೀಟಿಂಗಿಗೆ ಕೂತ.

ಬೀರ್ಗಿತ್ತಾ ಹಣೆ ನೆರಿಗೆ ಮಾಡಿದರು. “ಇನ್ನೊಂದು ದೇಶದ ಟೀಚರ್ ಎಲ್ಲಿ ಕೂತು ಉಣ್ಣಬೇಕು ಅಂತ ಹೇಳೋಕೆ ನಾವು ಯಾರು? ನನಗೆ ಮುಜುಗರ ಆಗುತ್ತೆ. ಆದರೆ ಹಳದಿ ತುಂಬ ಹಿತವಾಗಿದೆ.”

ಪರದೆಯ ಮೇಲೆ ಸುದರ್ಶನ್ ಕನ್ನಡಕ್ಕಿಳಿದರು. “ವೆಂಕಟ್, ಪ್ಲೇಟ್ ಅಂದ್ರೆ ಪ್ರತಿ ವರ್ಷ ಬಜೆಟ್ ಕಣಯ್ಯ, ಯಾವ ಸೆಕ್ರೆಟರಿ ಒಪ್ತಾನೆ? ಪೇಂಟ್ ಅಂದ್ರೆ ಒನ್ ಟೈಮ್. ಮಿನಿಸ್ಟರ್ ಬಂದು ರಿಬ್ಬನ್ ಕಟ್ ಮಾಡ್ತಾರೆ, ಫೋಟೋ ಬರುತ್ತೆ. ಬ್ರಿಲಿಯಂಟ್ ಐಡಿಯಾ!”

ಮೂರು ವರ್ಷದಲ್ಲಿ ಎರಡು ದೇಶಗಳು ಮೊದಲ ಬಾರಿಗೆ ಒಮ್ಮತಕ್ಕೆ ಬಂದಿದ್ದವು. ಪದ್ಧತಿಯಂತೆ ಬೀರ್ಗಿತ್ತಾ ಕೊನೆಯದಾಗಿ ಅವನತ್ತ ತಿರುಗಿ, “ವೆಂಕಟ್, ನಿನಗೂ ಸರಿ ಅನಿಸುತ್ತಾ?” ಎಂದರು. ಬೇಡ ಎಂದು ಅವನೊಬ್ಬ ಅಂದಿದ್ದರೂ ಸಾಕಿತ್ತು, ಆ ವ್ರತಸ್ಥೆ ಮತ್ತೆ ಮೊದಲಿನಿಂದ ಚರ್ಚೆ ಶುರು ಮಾಡುತ್ತಿದ್ದರು. ಆದರೆ ಅವನ ಕೆಲಸದ ಅವಧಿ ಜೂನ್‌ಗೆ ಮುಗಿಯಲಿತ್ತು, ವರದಿ ಒಪ್ಪಿಗೆಯಾದರಷ್ಟೇ ಅದು ಮುಂದುವರಿಯುತ್ತಿತ್ತು, ವೀಸಾ ಅದಕ್ಕೇ ಗಂಟುಬಿದ್ದಿತ್ತು. ಬಾಯಲ್ಲಿ ಬನ್ನು ಬೇರೆ. ಬನ್ನಿನ ಜತೆ ತಟ್ಟೆಯನ್ನೂ ನುಂಗಿ, “ಹೂಂ” ಅಂದ.

ಹಳದಿ ಗೆದ್ದಿತು. ಅಧ್ಯಯನ ಇನ್ನೂ ಮೂರು ವರ್ಷಕ್ಕೆ ಮುಂದುವರಿಯಿತು. ‘ಬಣ್ಣ ಮತ್ತು ಬಾಲ್ಯ’ ಎಂಬ ಹೊಸ ವಿಭಾಗಕ್ಕೆ ವೆಂಕಟರಮಣನೇ ತಜ್ಞನಾದ. ವೀಸಾವೂ ಬಂತು. ಹೆಂಡತಿ ಪಾಯಸ ಮಾಡಿದಳು. ಅವನಿಗದು ರುಚಿಸಲಿಲ್ಲ, ಆದರೂ ಎರಡನೇ ಸಲ ಹಾಕಿಸಿಕೊಂಡ.

ಆಮೇಲೊಂದು ದಿನ ಅಕ್ಕನ ವಿಡಿಯೋ ಕಾಲ್ ಬಂತು. ಹಿಂದೆ ಹಳದಿ ಗೋಡೆ ಥಳಥಳ ಹೊಳೆಯುತ್ತಿತ್ತು, ಮಕ್ಕಳು ಸಾಲಾಗಿ ಊಟಕ್ಕೆ ಕೂತಿದ್ದರು.

“ನೋಡೋ ರಮಣ, ಮಿನಿಸ್ಟ್ರು ಬಂದಿದ್ರು! ಇದು ನಿನ್ನ ಐಡಿಯಾ ಅಂತೆ? ಊರಿಗೆಲ್ಲ ಹೇಳ್ಕೊಂಡ್ ಬಂದೆ.”

“ನಿಂದು ಊಟ ಆಯ್ತಾಕ್ಕ?”

“ಇಲ್ಲೆಲ್ಲಿ ಊಟ? ಮನೆಗ್ ಹೋಗಿ ಮಾಡ್ತೀನಿ.” ಸೌಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಕಾಲನ್ನೂ ಬದಲಿಸಿ ನಿಂತಳು. “ಬಣ್ಣ ಏನೋ ಚೆನ್ನಾಗೈತೆ ಕಣೋ. ಕೊಳೆ ಆಗುತ್ತೆ, ಯಾರೂ ಒರಗಬಾರ್ದು ಅಂತ ಆರ್ಡರ್ ಮಾಡವ್ರೆ, ಅದೊಂದೇ ಕಷ್ಟ.”