ಅಕ್ಕನನ್ನು ಎರಡನೇ ಸಲ ಕೇಳಲಿಲ್ಲ

ಮೊನ್ನೆ ಕಾರ್ಖಾನೆಗಳ ಬಡಾವಣೆಯಾದ ಉದ್ಯಮಬಾಗದಲ್ಲಿ ಬಸ್ ಇಳಿದಾಗ ಫೌಂಡ್ರಿಯ ಸುಟ್ಟ ಮರಳಿನ ವಾಸನೆ ಮೂಗಿಗೆ ಬಡಿಯಿತು. ಕೆಲಸಕ್ಕೆ ಬರುವಾಗ ದಿನಾ ಬರುವ ವಾಸನೆಯೇ, ಆದರೂ ಮೊನ್ನೆ ಕಾಲುಗಳು ಅಲ್ಲೇ ನಿಂತವು. ಕೆಲವು ವರ್ಷಗಳ ಹಿಂದೆ ಇದೇ ವಾಸನೆಯ ನಡುವೆ, ಎರಡು ಕೋಣೆಯ ಆಫೀಸಿನಲ್ಲಿ, ಅಕ್ಕ ನನ್ನ ಬಾಜು ಕೂರುತ್ತಿದ್ದಳು. ಒಡಹುಟ್ಟಿದವಳಲ್ಲ, ನನಗೆ ಕೆಲಸ ಕಲಿಸಿದವಳು. ದಿನಾ ಗುಂಜಿಯಿಂದ ರೈಲಿಗೆ ಬರುತ್ತಿದ್ದಳು.

ಫೌಂಡ್ರಿಯವರು ಎರಕ ಹೊಯ್ದ ಬಿಡಿಭಾಗಗಳನ್ನು ಗಿರಾಕಿಗಳು ಬ್ರೌಸರಿನಲ್ಲೇ ತಿರುಗಿಸಿ ನೋಡುವಂತೆ ಮಾಡುವುದು ನಮ್ಮ ಕೆಲಸ. ಚಿತ್ರ ಬಿಡಿಸಲು ಎಷ್ಟು ಹೊತ್ತು ಹಿಡಿಯಿತೆಂದು ಗ್ರಾಫಿಕ್ಸ್ ಪ್ರೊಸೆಸರನ್ನು ಕೇಳುವ ಕೋಡ್ ಬರೆದೆ. ಉತ್ತರ ಬರುವ ತನಕ ಅಲ್ಲೇ ಕಾಯುವ ಹಾಗೆ ಬರೆದಿದ್ದೆ, ಜಾಣೆ ನಾನು! ಇಡೀ ಪುಟ ಅಲ್ಲಾಡದೆ ನಿಂತಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹಿಂಗ ಬಾಗಲದಾಗ ನಿಂತ್ರ ಅದು ಉತ್ತರ ಕೊಡೂದಿಲ್ಲ, ಹುಚ್ಚಿ. ಕೇಳು, ನಿನ್ನ ಕೆಲಸಕ್ಕ ಹೋಗು, ಮುಂದಿನ ಫ್ರೇಮಿನ್ಯಾಗ, ಅಂದ್ರ ಮುಂದಿನ ಚಿತ್ರ ಬಿಡಿಸೂವಾಗ, ಬಂದು ನೋಡು. ಆದ್ರ ನೆನಪಿಟ್ಟು ಬಾ. ಅದು ತಾನಾಗಿ ಕರಿಯೂದಿಲ್ಲ."

ಕೇಳಿ ಹೋಗುವುದನ್ನು ಮಾತ್ರ ನಾನು ಚೆನ್ನಾಗಿ ಕಲಿತೆ...

ಒಂದು ಸೋಮವಾರ ಅಕ್ಕ ಎದೆಯ ಗಂಟಿಗೆ ಟೆಸ್ಟ್ ಮಾಡಿಸಿಕೊಂಡು ಬಂದಳು. ಮನೆಯಲ್ಲಿ ಹೇಳಿರಲಿಲ್ಲ, ನನಗೊಬ್ಬಳಿಗೇ ಹೇಳಿದಳು. "ರಿಪೋರ್ಟ್ ಬಂತೇನಕ್ಕಾ?" ಎಂದು ಮರುದಿನ ಕೇಳಿದೆ. "ಇನ್ನಾ ಬಂದಿಲ್ಲ. ನಾಳೆ ಕೇಳು" ಅಂದಳು. ಹೊಸ ಗಿರಾಕಿಗೆ ಕೆಲಸ ಒಪ್ಪಿಸುವ ಗಡಿಬಿಡಿ. ನಾಳೆ ಮರೆತೆ, ನಾಡಿದ್ದು ಮರೆತೆ. ಆಮೇಲೆ, ಏನಾದರೂ ಇದ್ದರೆ ಅವಳೇ ಹೇಳುತ್ತಾಳೆ ಅಂದುಕೊಂಡೆ. ಎರಡು ತಿಂಗಳು ಹಾಗೇ ಹೋಯಿತು. ಅಕ್ಕ ದವಾಖಾನೆ ಸೇರಿದಳು, ಕೆಲಸಕ್ಕೆ ಬರುವುದು ನಿಂತಿತು. ಆ ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟಳು.

ಗುಂಜಿಯ ಮನೆಗೆ ಹೋದಾಗ ಅವಳ ಗಂಡ ಹೇಳಿದರು: "ರಿಪೋರ್ಟ್ ಟೆಸ್ಟ್ ಮಾಡಿಸಿದ ವಾರನ ಬಂದಿತ್ತವಾ. ನನಗೂ ತೋರಿಸಲಿಲ್ಲ. ಚೀಲದಾಗ ಇಟ್ಕೊಂಡು ದಿನಾ ಆಫೀಸಿಗೆ ಬಂದ್ಲು. ಯಾಕ ಹಂಗ ಮಾಡಿದಿ ಅಂತ ದವಾಖಾನ್ಯಾಗ ಕೇಳಿದ್ನಿ. 'ಆಕಿ ಕೇಳತಾಳ, ಆಕಿ ಮುಂದ ಒಮ್ಮೆ ಅತ್ತು ಆಮ್ಯಾಲ ಮನ್ಯಾಗ ಹೇಳೂಣು ಅಂದ್ಕೊಂಡಿದ್ನಿ' ಅಂದ್ಲು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು.

ಎರಡು ತಿಂಗಳು ಮೊದಲೇ ಔಷಧಿ ಶುರುವಾಗಿದ್ದರೆ ಅಕ್ಕ ಉಳಿಯುತ್ತಿದ್ದಳೋ ಏನೋ... ಈಗ ಯಾರೂ ಹೇಳಲಾರರು. ಅವಳ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ. ನಾನು ಈಗಲೂ ಅದೇ ಜಾಗದಲ್ಲಿ ಕೂರುತ್ತೇನೆ. ಅಕ್ಕನ ಚೀಲ ನಮ್ಮಿಬ್ಬರ ಕುರ್ಚಿಗಳ ನಡುವೆಯೇ ಇರುತ್ತಿತ್ತು. ಓಡಾಡಲು ಅಡ್ಡ ಬರುತ್ತದೆಂದು ಎಷ್ಟೋ ಸಲ ನಾನೇ ಅದನ್ನು ಕಾಲಿನಿಂದ ಸರಿಸಿದ್ದೇನೆ.