ರೊಪ್ಪದ ಬೇಲಿ ನೂಕುವ ಸಿದ್ದಕ್ಕ

ನಮ್ಮವ್ವ ಸಿದ್ದಕ್ಕ ಓದಿದವಳಲ್ಲ. ಆದರೂ 2009ರ ಕೊನೆಯಲ್ಲಿ ಕಂಪ್ಯೂಟರ್ ಕಾನೂನನ್ನು ಇನ್‌ಸ್ಪೆಕ್ಟರಿಗಿಂತ ಮೊದಲೇ ಬಿಡಿಸಿ ಹೇಳಿದವಳು ಅವಳೇ. ಇದನ್ನು ಹೇಳುವಾಗ ನನಗೆ ಜಂಬ ಬಂದರೆ ಬರಲಿ ಬಿಡಿ.

ಶ್ರೀರಾಂಪುರದ ಹತ್ತಿರ ನಮ್ಮದು ಕುರಿ ಸಾಕುವ ಮನೆ. ಸಂಜೆ ಕುರಿಗಳು ರೊಪ್ಪ ಸೇರಿದ ಮೇಲೆ ಅವ್ವ ಕೋಲು ಹಿಡಿದು, ಮುಳ್ಳುಬೇಲಿಯನ್ನು ಹೊರಗಿನಿಂದಲೇ ಸುತ್ತುತ್ತ, ತೋಳ ನುಗ್ಗುವಂಥ ಕಂಡಿ ಬಿದ್ದಿದೆಯೇ ಎಂದು ಅಲ್ಲಲ್ಲಿ ನೂಕಿ ನೋಡುತ್ತಿದ್ದಳು. ಒಳಗಿಂದ ಯಾಕೆ ನೋಡಲ್ಲ ಎಂದರೆ, "ತೋಳ ಒಳಗಿಂದ ಬರ್ತೈತೇನೇ?" ಎಂದು ಗದರುತ್ತಿದ್ದಳು. ಪಕ್ಕದ ಕಾಟಯ್ಯನ ರೊಪ್ಪವನ್ನೂ ಅವಳೇ ನೋಡುತ್ತಿದ್ದಳು. ಆದರೆ ಅಲ್ಲಿ ಮೊದಲು "ಕಾಟಯ್ಯಾ, ನಾನು ಸಿದ್ದಕ್ಕ" ಎಂದು ಕೂಗಬೇಕು. ಅವನು ಓಗೊಡುವವರೆಗೆ ಕೋಲು ಎತ್ತುತ್ತಿರಲಿಲ್ಲ.

ನಾನು ಹೊಸದುರ್ಗದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಪಾಸ್‌ವರ್ಡ್ ಎಷ್ಟು ಗಟ್ಟಿ ಎಂದು ಪರೀಕ್ಷಿಸುವ ಸಾಫ್ಟ್‌ವೇರಿನ ಸಿ.ಡಿ. ನನ್ನ ಹತ್ತಿರ ಇತ್ತು. ಕಳ್ಳರ ಕೈಗೆ ಸಿಕ್ಕರೆ ಅದರಿಂದಲೇ ಪಾಸ್‌ವರ್ಡ್ ಕದಿಯಬಹುದು. ಒಂದು ದಿನ ಅದನ್ನು ಆಫೀಸಿನ ಕಂಪ್ಯೂಟರಿಗೆ ಹಾಕಿ ನೋಡಿದೆ. ಐದೇ ನಿಮಿಷಕ್ಕೆ ಅಂಕಪಟ್ಟಿ ತೆರೆದುಕೊಂಡಿತು! ಯಾರ ಅಂಕ ಬೇಕಾದರೂ ತಿದ್ದಬಹುದಿತ್ತು. ಏನನ್ನೂ ಮುಟ್ಟದೆ ಓಡಿಹೋಗಿ ಪ್ರಿನ್ಸಿಪಾಲ್ ಮೋಹನ್‌ಕುಮಾರ್ ಅವರಿಗೆ ಹೇಳಿದೆ. ಆ ಪುಣ್ಯಾತ್ಮರು ನನ್ನ ಮೇಲೇ ಪೊಲೀಸರಿಗೆ ದೂರು ಕೊಟ್ಟರು. ಕೇಸಾದರೆ ಕೆಲಸ ಹೋಗುತ್ತಿತ್ತು, ಕಳ್ಳಿ ಎಂಬ ಹೆಸರು ಉಳಿಯುತ್ತಿತ್ತು.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ. ಅವ್ವನೂ ಬಸ್ಸು ಹತ್ತಿ ಬಂದಿದ್ದಳು. ಇನ್‌ಸ್ಪೆಕ್ಟರ್ ಸಿ.ಡಿ. ಎತ್ತಿ ಹಿಡಿದು, "ಇಂಥದ್ದು ಇಟ್ಕೊಂಡಿರೋದೇ ತಪ್ಪು ಕಣಮ್ಮ. ಈಗ ಕಾನೂನು ಬಿಗಿ ಆಗೈತೆ" ಎಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವ್ವ ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡರೆ, ನನ್ನ ಮೇಲೇ ತಿರುಗಿದಳು.

"ಲೇ ಅಂಜಲಿ, ನೂಕೋಕೆ ಮುಂಚೆ ಕೂಗಿದ್ಯಾ?"

"ಇಲ್ಲವ್ವ."

"ಹಂಗಾರೆ ತಪ್ಪು ನಿಂದೇ. ಒಪ್ಕೋ."

ಮೈ ಉರಿದುಹೋಯಿತು. ಹೆತ್ತವಳೇ ಹೀಗಂದರೆ! ಆದರೂ ತಲೆ ತಗ್ಗಿಸಿ ಒಪ್ಪಿಕೊಂಡೆ. ಆಮೇಲೆ ಅವ್ವ ಇನ್‌ಸ್ಪೆಕ್ಟರಿಗೆ ತನ್ನ ರೊಪ್ಪದ ವಿಷಯ ಹೇಳಿದಳು.

"ಕೂಗದೇ ಇದ್ದಿದ್ದಕ್ಕೆ ಬೈರಿ ಸ್ವಾಮಿ, ಬ್ಯಾಡ ಅನ್ನಲ್ಲ. ಆ ಸಿ.ಡಿ. ಇವ್ಳ ಕೋಲು ಇದ್ದಂಗೆ, ಕೋಲೇನು ತಪ್ಪು ಮಾಡೈತೆ? ಕಂಡಿ ಸಿಕ್ಕಿದ ಕೂಡ್ಲೇ ಇವ್ಳು ಯಜಮಾನ್ರಿಗೆ ಹೇಳಾಕೆ ಓಡಿದ್ಲು. ಯಾವ ತೋಳ ಹಂಗೆ ಮಾಡ್ತೈತೆ, ನೀವೇ ಹೇಳ್ರಿ?"

ಇನ್‌ಸ್ಪೆಕ್ಟರ್ ಕಾನೂನಿನ ಪುಸ್ತಕ ತೆಗೆದು ಓದಿದರು, ಮತ್ತೊಮ್ಮೆ ಓದಿದರು. "ಯಜಮಾನರ ಅಪ್ಪಣೆ ಇತ್ತಾ, ಮೋಸದ ಉದ್ದೇಶ ಇತ್ತಾ... ಇಲ್ಲೂ ಅದನ್ನೇ ಕೇಳಿದಾರೆ ಕಣಮ್ಮ. ಮೋಸ ಇಲ್ದಿದ್ರೆ ಕೇಸು ನಿಲ್ಲಲ್ಲ. ಕುಂತ್ಕಳ್ರಿ" ಎಂದು ಅವ್ವನಿಗೆ ತಾವೇ ಕುರ್ಚಿ ಎಳೆದುಕೊಟ್ಟರು. ಮೋಹನ್‌ಕುಮಾರ್ ದೂರು ವಾಪಸ್ ತೆಗೆದುಕೊಂಡರು. ಪ್ರತಿ ತಿಂಗಳೂ ಆಫೀಸಿನ ಕಂಪ್ಯೂಟರನ್ನು ಹೀಗೇ ಪರೀಕ್ಷಿಸಬೇಕೆಂದು ನನಗೇ ಪತ್ರ ಬರೆದುಕೊಟ್ಟರು.

ಆ ಪತ್ರ ಕೈಯಲ್ಲಿದ್ದರೂ ಪ್ರತಿ ಸಲ ಆಫೀಸಿನ ಬಾಗಿಲಲ್ಲಿ ನಿಂತು ಕೂಗುತ್ತೇನೆ: "ಸಾರ್, ನಾನು, ಸಿದ್ದಕ್ಕನ ಮಗಳು." ಒಳಗಿಂದ "ಬಾರಮ್ಮ" ಎನ್ನುವವರೆಗೆ ಕೀಬೋರ್ಡ್ ಮುಟ್ಟುವುದಿಲ್ಲ.