ಒಂದು ಗೇಣು ಗಿಡ್ಡ ಕಟ್ಟೆ

ಚಿನ್ಮಯಿ, ತೇಜಸ್, ನಾವಿರುವ ಈ ಮಹಡಿ ಮೊದಲು ಮನೆಯಾಗಿರಲಿಲ್ಲ. ರಾಜಾಜಿನಗರದ ಈ ಹಳೆಯ ಕಟ್ಟಡದಲ್ಲಿ ಕೆಳಗೆ ಬಟ್ಟೆ ಅಂಗಡಿ. ಮೇಲಿದ್ದ ಟೈಪಿಂಗ್ ಶಾಲೆ ಮುಚ್ಚಿದ ಮೇಲೆ ಇಲ್ಲಿ ಬರೀ ಪಾರಿವಾಳಗಳಿದ್ದವು. ಖಾಲಿ ಬಿದ್ದಿದ್ದ ಈ ಜಾಗವನ್ನು ಮೂರು ಮನೆ ಮಾಡಿದವರು ಒಬ್ಬ ಗಾರೆ ಮೇಸ್ತ್ರಿ.

ಅವರ ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲ್ ಇರುತ್ತಿತ್ತು. ಯಾರು ಏನು ಬದಲಾಯಿಸಲು ಹೇಳಿದರೂ ಅವರದು ಒಂದೇ ಮಾತು: "ಬಾಯಲ್ಲಿ ಬೇಡ, ಮಾಡಿ ತೋರ್ಸಿ."

ಕೆಲಸ ಮುಗಿಯುವ ಹೊತ್ತಿಗೆ ನಿಮ್ಮಮ್ಮ ಊರಲ್ಲಿದ್ದ ಈ ಅಜ್ಜಿಯನ್ನು, ಇನ್ನು ಇಲ್ಲೇ ಇರು ಎಂದು ಮನೆ ನೋಡಲು ಕರೆತಂದಳು. ಅಡುಗೆಕಟ್ಟೆ ನನ್ನ ಎದೆಮಟ್ಟಕ್ಕಿತ್ತು. ಅಷ್ಟು ಎತ್ತರದಲ್ಲಿ ಮುದ್ದೆ ತಿರುವಲು ತೋಳಿಗೆ ಬಲ ಸಿಗುವುದಿಲ್ಲ. ಹೇಳಲು ನಾಚಿಕೆ. ಸುಮ್ಮನೆ ಊರಿಗೆ ಹಿಂದಿರುಗಿಬಿಡೋಣ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಮೇಸ್ತ್ರಿ ನನ್ನ ಮುಖ ನೋಡಿದರು. "ಏನಮ್ಮಾ? ಮಾಡಿ ತೋರ್ಸಿ."

ಗಾರೆ ತುಂಬಿದ ಬಾಂಡ್ಲಿಯನ್ನು ಕಟ್ಟೆಯ ಮೇಲಿಟ್ಟು, ನನ್ನ ಕೈಗೊಂದು ಕೋಲು ಕೊಟ್ಟರು. ಕಾಲ್ಬೆರಳ ಮೇಲೆ ನಿಂತು ಆ ಗಾರೆಯನ್ನೇ ಮುದ್ದೆಯಂತೆ ತಿರುವಿದೆ. ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡರು.

"ಡ್ರಾಯಿಂಗ್ ಪ್ರಕಾರ ಕಟ್ಟಿದ್ದಲ್ವೇನ್ರೀ ಅದು?" ಎಂದು ಕೆಲಸ ನೋಡಲು ಬಂದಿದ್ದ ಎಂಜಿನಿಯರ್ ರೇಗಿದರು.

"ಡ್ರಾಯಿಂಗು ಮುದ್ದೆ ತಿರುವಲ್ಲ ಸಾರ್, ಅಮ್ಮ ತಿರುವ್ತಾರೆ. ಎಷ್ಟು ಇಳಿಸ್ಲಿ ಅಮ್ಮಾ?"

ಪರ ಗಂಡಸರ ಎದುರು ನಾನು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಒಂದು ಗೇಣು" ಅಂದೆ. ಆ ಗೇಣು ನಾನೇ ಕೇಳಿ ಪಡೆದದ್ದು.

ಮನೆಗೆ ಬಂದವರೆಲ್ಲ ಕಟ್ಟೆ ಯಾಕಿಷ್ಟು ಗಿಡ್ಡ ಎಂದು ಕೇಳುತ್ತಾರೆ. ನಾನಿಲ್ಲದ ಕಾಲಕ್ಕೂ ಕೇಳುತ್ತಾರೆ. ನಾನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ಕೇಳಿದವರಿಗೆ ಬಾಯಲ್ಲಿ ಬೇಡ, ಇವನ್ನೇ ತೋರಿಸಿ.